ಹನ್ನೊಂದನೇ ವಚನದ ಹಿಂದೆ ಮುಂದೆ

ಮಗಳೇ,

ವರ್ಷದ ಕೊನೆಯ ರಾತ್ರಿಯ ಆರಾಧನೆಯಲ್ಲಿ ನೀನು ಬುಟ್ಟಿಗೆ ಕೈಹಾಕಿ ಎತ್ತಿಕೊಂಡ ವಾಗ್ದಾನದ ಕಾರ್ಡು ಇನ್ನೂ ನಿನ್ನ ಮೊಬೈಲ್ ಕವರಿನೊಳಗೆ ಇದೆ, ನೋಡಿದ್ದೇನೆ. ಯೆರೆಮೀಯ 29, ವಚನ 11. ದೇವರಿಗೆ ತನ್ನ ಜನರ ಬಗ್ಗೆ ಇರುವುದು ಒಳ್ಳೆಯ ಯೋಚನೆ, ಅವರಿಗೊಂದು ಭವಿಷ್ಯ ಕೊಡುವ ಯೋಚನೆ ಎಂದು ಹೇಳುವ ವಚನ. ನಮ್ಮವರ ಮನೆಗಳಲ್ಲಿ ಕ್ಯಾಲೆಂಡರಿನಲ್ಲೂ ಅದೇ, ಗೋಡೆಯ ಫ್ರೇಮಿನಲ್ಲೂ ಅದೇ. ಜರ್ಮನ್ ಭಾಷೆಯ ಪರೀಕ್ಷೆ ಮತ್ತೆ ಕೈಕೊಟ್ಟ ದಿನ ನೀನು ಕೇಳಿದೆ: "ದೊಡ್ಡಪ್ಪ, ನಾನು ಅಲ್ಲಿ ನರ್ಸಾಗಿ ಹೋಗುವುದು ದೇವರ ಯೋಜನೆಯಲ್ಲಿ ಇಲ್ಲವಾ? ಇಲ್ಲದಿದ್ದರೆ ನನ್ನ ಕೈಗೆ ಈ ಕಾರ್ಡೇ ಯಾಕೆ ಬಂತು?" ಮನೆ ತುಂಬ ಜನ ಇದ್ದರು, ಆಗ ಸುಮ್ಮನಿದ್ದೆ. ಈಗ ನಿಧಾನವಾಗಿ ಹೇಳುತ್ತೇನೆ, ಕೇಳು.

ಆ ವಚನವನ್ನು ಅದರ ಅಧ್ಯಾಯದ ಒಳಗೆ ಇಟ್ಟು ಓದು. ಅದು ಒಂದು ಕಾಗದ. ಕ್ರಿಸ್ತಪೂರ್ವ 597ರಲ್ಲಿ ನೆಬೂಕದ್ನೆಚ್ಚರನು ಯೆರೂಸಲೇಮಿನ ರಾಜನನ್ನು, ಅಧಿಕಾರಿಗಳನ್ನು, ಬಡಗಿ ಕಮ್ಮಾರರನ್ನು ಹಿಡಿದು ಬಾಬೆಲಿಗೆ ಸಾಗಿಸಿದ. ಊರು ಕಳೆದುಕೊಂಡು ಪರದೇಶದಲ್ಲಿ ಕೂತಿದ್ದ ಆ ಜನರಿಗೆ ಯೆರೆಮೀಯನು ಯೆರೂಸಲೇಮಿನಿಂದ ಬರೆದು ಕಳಿಸಿದ ಪತ್ರ ಅದು. ಹನ್ನೊಂದನೇ ವಚನಕ್ಕೆ ಮೊದಲು ಅದರಲ್ಲಿ ಏನಿದೆ ಗೊತ್ತಾ? ಅಲ್ಲೇ ಮನೆ ಕಟ್ಟಿಕೊಳ್ಳಿ, ತೋಟ ಹಾಕಿ ಅದರ ಹಣ್ಣು ತಿನ್ನಿ, ಮದುವೆ ಮುಂಜಿ ನಡೆಸಿ, ಮಕ್ಕಳನ್ನು ಹೆರಿ, ನಿಮ್ಮನ್ನು ಸೆರೆಹಿಡಿದು ತಂದ ಆ ಪಟ್ಟಣಕ್ಕೋಸ್ಕರವೇ ಪ್ರಾರ್ಥನೆ ಮಾಡಿ, ಅದರ ಕ್ಷೇಮದಲ್ಲೇ ನಿಮ್ಮ ಕ್ಷೇಮ ಇದೆ ಎಂದು. ಹತ್ತನೇ ವಚನ ಇನ್ನೂ ಕಠಿಣ. ಎಪ್ಪತ್ತು ವರ್ಷ ತುಂಬಿದ ಮೇಲೆ ನಿಮ್ಮನ್ನು ವಾಪಸ್ ಕರೆತರುತ್ತೇನೆ ಎನ್ನುತ್ತದೆ.

ಎಪ್ಪತ್ತು ವರ್ಷ! ಆ ಕಾಗದವನ್ನು ಓದಿಸಿ ಕೇಳಿದ ಮೂವತ್ತು ನಲವತ್ತರ ಪ್ರಾಯದವರು ಊರಿನ ಮುಖ ಮತ್ತೆ ನೋಡುವ ಆಸೆಯನ್ನೇ ಬಿಡಬೇಕಿತ್ತು. ಪರ್ಷಿಯಾದ ಕೋರೆಷ ರಾಜ ಬಂದು ಯೆಹೂದ್ಯರಿಗೆ ಹಿಂದಿರುಗಲು ಅಪ್ಪಣೆ ಕೊಟ್ಟದ್ದು ಕ್ರಿಸ್ತಪೂರ್ವ 538ರಲ್ಲಿ. ಹಿಂದೆ ಹೋದವರಲ್ಲಿ ಹೆಚ್ಚಿನವರು ಮಕ್ಕಳು, ಮೊಮ್ಮಕ್ಕಳು. ಹಾಗಾದರೆ ಆ ವಾಗ್ದಾನ ಅಜ್ಜ ಅಜ್ಜಿಯರಿಗೆ ಸುಳ್ಳಾಯಿತಾ? ಇಲ್ಲ ಎಂದು ನಾನು ನಂಬುತ್ತೇನೆ. ದೇವರು ಅವರಿಗೂ ಭವಿಷ್ಯ ಕೊಟ್ಟರು. ಅದು ಅವರು ನೆಟ್ಟ ತೋಟದಲ್ಲಿ ಇತ್ತು, ಅವರು ಹೆತ್ತ ಮಕ್ಕಳಲ್ಲಿ ಇತ್ತು. ಅವರು ಬೇಡಿದ ರೀತಿಯಲ್ಲಿ ಮಾತ್ರ ಅದು ಬರಲಿಲ್ಲ.

ಅದೇ ಕಾಲದಲ್ಲಿ ಹನನ್ಯನೆಂಬ ಇನ್ನೊಬ್ಬ ಪ್ರವಾದಿ ಇದ್ದ. ಎರಡೇ ವರ್ಷ, ಎಲ್ಲರೂ ವಾಪಸ್ ಬರುತ್ತಾರೆ ಎಂದು ದೇವಾಲಯದಲ್ಲಿ ಎಲ್ಲರೆದುರು ಸಾರಿದ. ಯೆರೆಮೀಯನ ಹೆಗಲ ಮೇಲಿದ್ದ ಮರದ ನೊಗವನ್ನು ತೆಗೆದು ಮುರಿದೂ ಹಾಕಿದ. ಅವನ ಮಾತು ಜನರಿಗೆ ಹಿತವಾಗಿತ್ತು, ಆದರೆ ಅದು ದೇವರ ಮಾತಾಗಿರಲಿಲ್ಲ. ನನ್ನ ಮನಸ್ಸಿಗೆ ನಾಟುವುದು ಯೆರೆಮೀಯ ಆಗ ಕೊಟ್ಟ ಉತ್ತರ. ಅವನು ಮೊದಲು ಆಮೆನ್ ಎಂದ. ಕರ್ತನು ಹಾಗೇ ಮಾಡಲಿ ಎಂದ. ಅವನಿಗೂ ಎರಡೇ ವರ್ಷದಲ್ಲಿ ಎಲ್ಲ ಸರಿಹೋಗಬೇಕೆಂಬ ಆಸೆ ಇತ್ತು, ಮಗಳೇ. ತನ್ನ ಆಸೆಗೆ ದೇವರ ಹೆಸರು ಹಚ್ಚಲಿಲ್ಲ, ಅಷ್ಟೇ. ಇವತ್ತೂ ನಿನಗೆ ಹನನ್ಯನ ಹಾಗೆ ಮಾತಾಡುವವರು ಸಿಗುತ್ತಾರೆ. ಇಂತಿಂಥ ತಿಂಗಳಲ್ಲಿ ವೀಸಾ ಬರುತ್ತದೆ ಎಂದು ತಲೆ ಮೇಲೆ ಕೈಯಿಟ್ಟು ಹೇಳುವವರಿದ್ದಾರೆ. ಅವರ ಮುಂದೆ ಆಮೆನ್ ಎನ್ನು. ಆಮೇಲೆ ಮನೆಗೆ ಬಂದು ವ್ಯಾಕರಣದ ಪುಸ್ತಕ ತೆಗೆ.

ನಂಬಿಕೆ ಅಂದರೆ ಏನೆಂದು ಹಲವು ಪ್ರಸಂಗ ಕೇಳಿದ್ದೇನೆ. ನನಗೆ ಅರ್ಥವಾಗಿರುವುದು ಅದೇ ಯೆರೆಮೀಯನ ಪುಸ್ತಕದ 32ನೇ ಅಧ್ಯಾಯದಿಂದ. ಯೆರೂಸಲೇಮಿನ ಸುತ್ತ ಬಾಬೆಲಿನ ಸೈನ್ಯ ದಿಬ್ಬ ಹಾಕಿ ಕೂತಿದೆ. ಯೆರೆಮೀಯ ಕಾವಲಿನ ಅಂಗಳದಲ್ಲಿ ಸೆರೆಯಲ್ಲಿದ್ದಾನೆ. ಆಗ ಚಿಕ್ಕಪ್ಪನ ಮಗ ಹನಮೇಲ ಬಂದು, ಅನಾತೋತಿನಲ್ಲಿ ನನ್ನ ಹೊಲವಿದೆ, ಕೊಂಡುಕೋ ಎನ್ನುತ್ತಾನೆ. ಶತ್ರುವಿನ ಪಾಲಾಗಲಿರುವ ನೆಲವನ್ನು ಯಾರು ಕೊಳ್ಳುತ್ತಾರೆ? ಯೆರೆಮೀಯ ಕೊಂಡ. 17 ಶೆಕೆಲ್ ಬೆಳ್ಳಿಯನ್ನು ತಕ್ಕಡಿಯಲ್ಲಿ ತೂಗಿ ಕೊಟ್ಟ. ಸಾಕ್ಷಿಗಳಿಂದ ರುಜು ಹಾಕಿಸಿದ. ಮುದ್ರೆ ಹಾಕಿದ ಕ್ರಯಪತ್ರ ಒಂದು, ಬಿಚ್ಚಿದ ಪ್ರತಿ ಒಂದು, ಎರಡನ್ನೂ ತನ್ನ ಬರಹಗಾರ ಬಾರೂಕನ ಕೈಗೆ ಕೊಟ್ಟು, ಬಹುಕಾಲ ಉಳಿಯುವಂತೆ ಮಣ್ಣಿನ ಪಾತ್ರೆಯಲ್ಲಿ ಇಡು ಎಂದ. ಮತ್ತೆ ಒಂದು ದಿನ ಈ ನೆಲದಲ್ಲಿ ಮನೆ, ಹೊಲ, ದ್ರಾಕ್ಷಿತೋಟಗಳ ಕೊಡುಕೊಳ್ಳುವಿಕೆ ನಡೆಯುತ್ತದೆ ಎಂದು ದೇವರು ಹೇಳಿದ್ದರು. ಅದಕ್ಕೆ ಅವನು ತೂಕದ ಬೆಳ್ಳಿ ಹಾಕಿದ. ಆ ಹೊಲದಲ್ಲಿ ಅವನು ಒಂದು ಬೆಳೆ ತೆಗೆದದ್ದನ್ನೂ ಬೈಬಲ್ ಹೇಳುವುದಿಲ್ಲ. ಕೊನೆಗೆ ಉಳಿದ ಜನ ಅವನನ್ನು ಐಗುಪ್ತಕ್ಕೆ ಎಳೆದುಕೊಂಡು ಹೋದರು.

ಹಾಗಾಗಿ ಬೈಬಲನ್ನು ಕಣ್ಣುಮುಚ್ಚಿ ತೆರೆದು, ಬೆರಳಿಟ್ಟ ವಚನದಲ್ಲಿ ವೀಸಾ ಹುಡುಕಬೇಡ. ಪರೀಕ್ಷೆ ಹೋಯಿತೆಂದು ದೇವರು ಬಾಗಿಲು ಮುಚ್ಚಿದರು ಎಂದು ತೀರ್ಪು ಕೊಡುವುದೂ ಬೇಡ. ಕೇಳಿಸಿಕೊಂಡು ಬರೆಯುವ ಭಾಗ ನಿನಗೆ ಕಷ್ಟ ಎಂದು ನೀನೇ ಹೇಳಿದ್ದೆ. ಅದು ಅಭ್ಯಾಸದ ಮಾತು. ಅದಕ್ಕೆ ದೇವರ ಚಿತ್ತ ಎಂಬ ದೊಡ್ಡ ಹೆಸರು ಯಾಕೆ?

ನಮ್ಮ ಮಂಗಳೂರಿನ ಹಿರಿಯರನ್ನೇ ನೆನಪಿಸಿಕೋ. 1834ರಲ್ಲಿ ಬಾಸೆಲ್ ಮಿಷನ್ ಇಲ್ಲಿಗೆ ಬಂತು. ಆಗ ಯೇಸುವನ್ನು ನಂಬಿ ಸಭೆ ಸೇರಿದ ಎಷ್ಟೋ ಮಂದಿಗೆ ಮನೆ ತಪ್ಪಿತು, ಕುಟುಂಬದ ಆಸರೆ ತಪ್ಪಿತು, ಕೆಲಸವೂ ತಪ್ಪಿತು. ಅವರು ದೇವರು ನೋಡಿಕೊಳ್ಳುತ್ತಾರೆ ಎಂದು ಪ್ರಾರ್ಥಿಸಿದರು. ನೋಡಿಕೊಂಡದ್ದು ಹೇಗೆ? ಮಗ್ಗಗಳು ಬಂದವು. 1865ರಲ್ಲಿ ಜೆಪ್ಪುವಿನಲ್ಲಿ ಜಾರ್ಜ್ ಪ್ಲೆಬ್ಸ್ಟ್ ಹಂಚಿನ ಕಾರ್ಖಾನೆ ಶುರುಮಾಡಿದರು. ಮಣ್ಣು ಕಲಸಿ, ಅಚ್ಚಿಗೆ ಹಾಕಿ, ಒಣಗಿಸಿ, ಭಟ್ಟಿಯಲ್ಲಿ ಸುಟ್ಟು ದುಡಿದ ಕೂಲಿಯಲ್ಲಿ ಮನೆಗಳು ಎದ್ದವು, ಮಕ್ಕಳು ಶಾಲೆಗೆ ಹೋದರು. ದೇವರ ಒದಗಣೆ ಬಹಳ ಸಲ ಯಾರದೋ ಕೈಯಲ್ಲಿ, ಮಣ್ಣು ಮೆತ್ತಿಕೊಂಡೇ ಬರುತ್ತದೆ.

ಇನ್ನೊಂದು ಮಾತು. ಇದು ನೀನು ನರ್ಸು ಎಂಬ ಕಾರಣಕ್ಕೆ. ವಾರ್ಡಿನಲ್ಲಿ ಸಾವು ನೋಡುತ್ತೀ. ಮಗು ಕಳೆದುಕೊಂಡ ತಾಯಿಯ ಮುಂದೆ ನಿಂತು "ದೇವರ ಯೋಜನೆ ಅಮ್ಮಾ" ಎಂದು ಎಂದಿಗೂ ಹೇಳಬೇಡ. ಸಾವಿನ ಮನೆಗೆ ಬಂದು ಎರಡು ನಿಮಿಷದಲ್ಲಿ ಆ ಮಾತು ಹೇಳಿ ಹೊರಡುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಸಿಲೋವದ ಬುರುಜು ಬಿದ್ದು 18 ಮಂದಿ ಸತ್ತಾಗ, ಅವರು ಉಳಿದವರಿಗಿಂತ ಹೆಚ್ಚು ಪಾಪಿಗಳು ಎಂಬ ಲೆಕ್ಕವನ್ನು ಯೇಸುಸ್ವಾಮಿ ಒಪ್ಪಲಿಲ್ಲ. ಲಾಜರನನ್ನು ಇನ್ನೇನು ಎಬ್ಬಿಸುತ್ತೇನೆಂದು ತಿಳಿದಿದ್ದರೂ ಅವನ ಸಮಾಧಿಗೆ ಹೋಗುವಾಗ ಅತ್ತರು. ಮುಂದಿನದು ಗೊತ್ತಿದ್ದವರೇ ಅತ್ತ ಮೇಲೆ, ಏನೂ ಗೊತ್ತಿಲ್ಲದ ನಾವು ವಿವರಣೆ ಕೊಡುವುದು ಸಲ್ಲದು. ಆ ತಾಯಿಗೆ ನೀರು ಕೊಡು, ಪಕ್ಕದಲ್ಲಿ ಕೂರು. ಅವಳು ದೇವರನ್ನು ಬೈದರೆ ಬೈಯಲಿ. ಕೀರ್ತನೆಗಳ ಪುಸ್ತಕದಲ್ಲಿ 150 ಇವೆಯಲ್ಲ, ಅದರಲ್ಲಿ ಎಷ್ಟೋ ಕೀರ್ತನೆಗಳು ಎಷ್ಟರವರೆಗೆ, ಯಾಕೆ ಕೈಬಿಟ್ಟೆ ಎಂದು ದೇವರನ್ನೇ ತರಾಟೆಗೆ ತೆಗೆದುಕೊಳ್ಳುತ್ತವೆ. ಅವೂ ದೇವರ ವಾಕ್ಯವೇ.

ನೀನೂ ದೇವರನ್ನು ಹಾಗೆ ಕೇಳು. ಯೆರೆಮೀಯ ಹೊಲ ಕೊಂಡು ಮುಗಿಸಿದ ಕೂಡಲೇ ಮಾಡಿದ ಪ್ರಾರ್ಥನೆ ಓದಿದರೆ ಗೊತ್ತಾಗುತ್ತದೆ, ಅವನಿಗೂ ಗೊಂದಲ ಇತ್ತು. ಪಟ್ಟಣ ಕೈತಪ್ಪುತ್ತಿರುವಾಗ ನನ್ನಿಂದ ಹೊಲ ಕೊಳ್ಳಿಸಿದ್ದೀಯಲ್ಲ ಎಂದು ದೇವರ ಮುಂದೆಯೇ ಹೇಳಿಕೊಂಡ. ಹಣ ಕೊಟ್ಟ ಮೇಲೆ ಕೇಳಿದ ಪ್ರಶ್ನೆ ಅದು, ಗಮನಿಸು.

ಊರಿನ ಆಸ್ಪತ್ರೆಯಿಂದ ನಿನಗೆ ಬಂದಿರುವ ಕೆಲಸಕ್ಕೆ ಸದ್ಯ ಸೇರು. ಅಲ್ಲಿಯ ರೋಗಿಗಳೂ ನಿನಗೆ ಒಪ್ಪಿಸಲ್ಪಟ್ಟವರೇ. ಕ್ವಾಯರಿಗೆ ಬರುವುದನ್ನು ಬಿಟ್ಟಿದ್ದೀ, ಈ ಶನಿವಾರದಿಂದ ಮತ್ತೆ ಬಾ, ಆಲ್ಟೊದಲ್ಲಿ ಜನ ಕಡಿಮೆ ಇದ್ದಾರೆ. ಮುಂದಿನ ಪರೀಕ್ಷೆಗೆ ಅರ್ಜಿ ಹಾಕುವ ಕೊನೆಯ ದಿನ ಯಾವಾಗ ಎಂದು ತಿಳಿಸು. ಫೀಸಿನ ವಿಷಯ ನಿನ್ನ ಅಪ್ಪನ ಹತ್ತಿರ ಎತ್ತಬೇಡ, ಅದನ್ನು ನಾನು ಕಟ್ಟುತ್ತೇನೆ.