ಬಾಡಿಗೆದಾರ ಜೈಲಿನಲ್ಲಿ, ಮನೆಗೆ ಕೀಲಿ: ಮಾಲೀಕರು ಮಾಡಬೇಕಾದ್ದೇನು?

ಬೆಳಗಾಗುತ್ತಲೇ ಓಣಿಯವರು ಯಾರೋ ಫೋನ್ ಮಾಡುತ್ತಾರೆ: “ಅಕ್ಕಾರ, ನಿಮ್ಮ ಮನ್ಯಾಗ ಬಾಡಿಗಿ ಇದ್ದಾವನ್ನ ರಾತ್ರಿ ಪೊಲೀಸ್ರು ಕರಕೊಂಡು ಹೋಗ್ಯಾರ ನೋಡ್ರಿ. ಮನಿಗೆ ಕೀಲಿ ಬಿದ್ದೈತಿ.” ತಳಮಳ ಶುರುವಾಗುವುದು ಅಲ್ಲಿಂದ. ಬಾಡಿಗೆ ಬರುತ್ತದೋ ಇಲ್ಲವೋ, ಒಳಗೆ ಏನಿದೆಯೋ, ನಮ್ಮ ಹೆಸರೂ ಕೇಸಿಗೆ ಸೇರುತ್ತದೋ ಎಂಬ ಚಿಂತೆ. ರೋಣ, ನರಗುಂದ, ಗಜೇಂದ್ರಗಡದಂಥ ಊರುಗಳಲ್ಲಿ ಮನೆ ಬಾಡಿಗೆಗೆ ಕೊಡುವವರು ದೊಡ್ಡ ಕುಳಗಳೇನಲ್ಲ. ನಿವೃತ್ತ ಮಾಸ್ತರರು, ಒಂಟಿ ಹೆಣ್ಣುಮಕ್ಕಳು, ಹುಬ್ಬಳ್ಳಿಗೆ ದುಡಿಯಲು ಹೋಗಿ ಊರ ಮನೆಯನ್ನು ಬಾಡಿಗೆಗೆ ಬಿಟ್ಟ ಅಣ್ಣತಮ್ಮಂದಿರು. ಆ ಬಾಡಿಗೆಯಲ್ಲೇ ತಿಂಗಳ ಔಷಧ, ಕಿರಾಣಿ ನಡೆಯಬೇಕು. ಹಾಗಾಗಿ ಅವಸರ ಸಹಜ. ಆದರೆ ಆ ಅವಸರದಲ್ಲಿ ಕೀಲಿ ಮುರಿದವರು ಬಾಡಿಗೆಯ ಜೊತೆಗೆ ನೆಮ್ಮದಿಯನ್ನೂ ಕಳೆದುಕೊಳ್ಳುತ್ತಾರೆ.

ಬಾಡಿಗೆದಾರನ ಬಂಧನವಾದ ಮಾತ್ರಕ್ಕೆ ಬಾಡಿಗೆ ಮುಗಿಯುವುದಿಲ್ಲ. ಆತ ಜೈಲಿನಲ್ಲಿದ್ದರೂ ಮನೆ ಕಾನೂನಿನ ಕಣ್ಣಿಗೆ ಅವನ ಸ್ವಾಧೀನದಲ್ಲೇ ಇದೆ. ಕೋರ್ಟಿಗೆ ಹೋಗದೆ, ಅವನ ಒಪ್ಪಿಗೆಯೂ ಇಲ್ಲದೆ ನೀವು ಮನೆ ಖಾಲಿ ಮಾಡಿಸಿದರೆ, 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನಡಿ ಆರು ತಿಂಗಳೊಳಗೆ ದಾವೆ ಹೂಡಿ ಮನೆಯನ್ನು ಮರಳಿ ಪಡೆಯುವ ಹಕ್ಕು ಅವನಿಗಿದೆ. ಆ ದಾವೆಯಲ್ಲಿ “ನಾನು ಮಾಲೀಕ” ಎಂಬ ಮಾತು ನಡೆಯುವುದಿಲ್ಲ. ಕರ್ನಾಟಕದಿಂದಲೇ ಹೋದ ರಾಮೇಗೌಡ ವಿರುದ್ಧ ಎಂ. ವರದಪ್ಪ ನಾಯ್ಡು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2003ರ ಡಿಸೆಂಬರ್‌ನಲ್ಲಿ ಇದನ್ನೇ ಹೇಳಿತು: ನೆಲೆಯಾಗಿ ಸ್ವಾಧೀನದಲ್ಲಿರುವವನನ್ನು ನಿಜವಾದ ಒಡೆಯನೂ ಕಾನೂನಿನ ಮಾರ್ಗ ಬಿಟ್ಟು ಹೊರಹಾಕುವಂತಿಲ್ಲ. ಇದರ ಮೇಲೆ, ಒಳಗಿದ್ದ ಬಂಗಾರ ಹೋಯಿತು ಎಂದು ಅವನ ಕಡೆಯವರು ದೂರು ಕೊಟ್ಟರೆ ಭಾರತೀಯ ನ್ಯಾಯ ಸಂಹಿತೆಯ 329 (ಅತಿಕ್ರಮ ಪ್ರವೇಶ), 305 (ಮನೆಯೊಳಗಿನ ಕಳವು) ಕಲಮುಗಳು ನಿಮ್ಮ ಕಡೆಗೇ ತಿರುಗಬಹುದು.

ಮೊದಲ ವಾರ: ಖಚಿತ ಮಾಹಿತಿ

ಓಣಿಯ ಸುದ್ದಿ ನಂಬಬೇಡಿ. ಠಾಣೆಗೆ ಹೋಗಿ ಎಫ್‌ಐಆರ್ ಸಂಖ್ಯೆ, ಕಲಮುಗಳು, ಯಾವ ಕೋರ್ಟಿಗೆ ಹಾಜರುಪಡಿಸಿದರು ಎಂಬ ಮೂರು ಸಂಗತಿ ಬರೆದುಕೊಳ್ಳಿ. ಮುಂದಿನ ತಾರೀಖುಗಳನ್ನು ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಮನೆಯಲ್ಲೇ ಕುಳಿತು ನೋಡಬಹುದು. ಬಂಧಿಸಿದವರನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಅಲ್ಲೇ ಜಾಮೀನು ಸಿಕ್ಕರೆ ಸಂಜೆಗೆ ಆತ ನಿಮ್ಮ ಬಾಗಿಲಲ್ಲಿರುತ್ತಾನೆ. ಸಿಗದಿದ್ದರೆ ನ್ಯಾಯಾಂಗ ಬಂಧನ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 187ನೇ ಕಲಮಿನಂತೆ, ಪ್ರಕರಣದ ಗಂಭೀರತೆ ನೋಡಿ 60 ಅಥವಾ 90 ದಿನಗಳೊಳಗೆ ಪೊಲೀಸರು ಆರೋಪಪಟ್ಟಿ ಸಲ್ಲಿಸದಿದ್ದರೆ ಜಾಮೀನು ಕೇಳುವುದು ಆರೋಪಿಯ ಹಕ್ಕು. ದೊಡ್ಡ ಪ್ರಮಾಣದ ಮಾದಕ ವಸ್ತುವಿನಂಥ ಕೇಸಿನಲ್ಲಿ ಈ ಅವಧಿ 180 ದಿನ.

ಮಾಲೀಕರ ಲೆಕ್ಕಾಚಾರಕ್ಕೆ ಇದು ಮುಖ್ಯ. ತಿಂಗಳಿಗೆ 3,000 ರೂಪಾಯಿ ಬಾಡಿಗೆ, 10,000 ಅಡ್ವಾನ್ಸ್ ನಿಮ್ಮ ಕೈಯಲ್ಲಿದೆ ಎಂದುಕೊಳ್ಳಿ. ಮೂರು ತಿಂಗಳು ಕಾದರೂ ನಿಮ್ಮ ಗಂಟು ಕರಗುವುದಿಲ್ಲ. ಅಷ್ಟರಲ್ಲಿ ಹೆಚ್ಚಿನ ಸಣ್ಣ ಕೇಸುಗಳಲ್ಲಿ ಆತ ಬರುತ್ತಾನೋ ಇಲ್ಲವೋ ಸ್ಪಷ್ಟವಾಗುತ್ತದೆ.

ಜೈಲು ಎಂದ ಕೂಡಲೇ ಕಳ್ಳ, ಖದೀಮ ಎಂದು ತೀರ್ಮಾನಿಸುವುದು ನ್ಯಾಯವಲ್ಲ. ನಮ್ಮ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1980ರ ಜುಲೈನ ನರಗುಂದ ರೈತ ಬಂಡಾಯದಲ್ಲಿ, 2016ರ ಮಹದಾಯಿ ಹೋರಾಟದಲ್ಲಿ ಈ ಭಾಗದಲ್ಲಿ ಪೊಲೀಸ್ ವ್ಯಾನು ಹತ್ತಿದವರು ಹೊಲ ಉತ್ತು ಬದುಕುವವರಾಗಿದ್ದರು.

ಪೊಲೀಸರು ಮನೆ ಶೋಧಕ್ಕೆ ಬಂದರೆ ನಿಮ್ಮನ್ನು ಪಂಚರಾಗಿ ಕರೆಯಬಹುದು. ಶೋಧಕ್ಕೆ ಊರಿನ ಇಬ್ಬರಾದರೂ ಸಾಕ್ಷಿಗಳಿರಬೇಕು. ಈಗ ಇಡೀ ಶೋಧವನ್ನು ವಿಡಿಯೊ ಮಾಡುವುದೂ ಕಡ್ಡಾಯ. ಪಂಚನಾಮೆಯನ್ನು ಪೂರ್ತಿ ಓದಿ, ಓದಲು ಬಾರದಿದ್ದರೆ ಓದಿಸಿ ಕೇಳಿ, ಆಮೇಲೆ ಸಹಿ ಮಾಡಿ. ಮನೆಗೆ ಸೀಲು ಹಾಕಿದ್ದರೆ ಅದನ್ನು ಮುಟ್ಟಲೇಬೇಡಿ. ತೆಗೆಸಲು ಕೋರ್ಟಿಗೇ ಅರ್ಜಿ ಹಾಕಬೇಕು. ಇನ್ನು ನಿಮ್ಮ ಮೇಲೆ ಕೇಸು ಬರುವ ಭಯದ ಮಾತು. ಇಸ್ಪೀಟಿನ ಅಡ್ಡೆಗೋ ಮಾದಕ ವಸ್ತು ಇಡಲಿಕ್ಕೋ ಮನೆ ಬಳಕೆಯಾಗುತ್ತಿದೆ ಎಂದು ಗೊತ್ತಿದ್ದೂ ಬಿಟ್ಟ ಮಾಲೀಕನಿಗೆ ಕಾನೂನಿನ ತೊಂದರೆ ಇದೆ. ಗೊತ್ತೇ ಇರದಿದ್ದವರು ಬಾಡಿಗೆ ಪತ್ರ, ಬಾಡಿಗೆದಾರನ ಆಧಾರ್ ಪ್ರತಿ, ಬಾಡಿಗೆ ಪಡೆದ ದಾಖಲೆಗಳನ್ನು ಒಂದು ಫೈಲಿನಲ್ಲಿಟ್ಟು, ಕೇಳಿದಾಗ ತೋರಿಸಿದರಾಯಿತು.

ಒಳಗೆ ಹೋಗಲೇಬೇಕಾದರೆ

ಗ್ಯಾಸ್ ವಾಸನೆ, ನಲ್ಲಿ ಒಡೆದು ನೀರು, ಕಟ್ಟಿಹಾಕಿದ ಆಡು. ಇಂಥ ತುರ್ತಿನಲ್ಲಿ ಕೀಲಿ ತೆಗೆಯಬಹುದು, ಆದರೆ ಒಬ್ಬರೇ ಅಲ್ಲ. ಠಾಣೆಗೆ ಒಂದು ಚೀಟಿ ಬರೆದು ಸ್ವೀಕೃತಿ ತೆಗೆದುಕೊಳ್ಳಿ. ಆತನ ಮನೆಯವರೊಬ್ಬರು, ಓಣಿಯ ಇಬ್ಬರು ಹಿರಿಯರು ಜೊತೆಗಿರಲಿ. ಬಾಗಿಲು ತೆಗೆದಲ್ಲಿಂದ ಮುಚ್ಚುವವರೆಗೆ ನಿಲ್ಲಿಸದೆ ವಿಡಿಯೊ ಆಗಲಿ. ಕೆಲಸ ಮುಗಿಸಿ ಹೊಸ ಕೀಲಿ ಹಾಕಿ, ಚಾವಿಯನ್ನು ಲಕೋಟೆಯಲ್ಲಿಟ್ಟು ಬಂದವರೆಲ್ಲರ ಸಹಿ ಹಾಕಿಸಿ, ಆತನ ಮನೆಯವರ ಕೈಗೆ ಕೊಡಿ.

ಗಜೇಂದ್ರಗಡದ ಒಂದು ನೇಕಾರರ ಮನೆ ಎಂದು ಊಹಿಸಿಕೊಳ್ಳಿ. ಪಡಸಾಲೆಯಲ್ಲಿ ಕುಣಿ ಮಗ್ಗ. ಮಗ್ಗದ ಮೇಲೆ ಅರ್ಧ ನೆಯ್ದ ಇಳಕಲ್ ಸೀರೆ, ಟೋಪ್ ತೆನೆಯ ಕೆಂಪು ಸೆರಗು ಇನ್ನೂ ಬಾಕಿ. ಗೂಟಕ್ಕೆ ಹುಡುಗಿಯ ಶಾಲೆಯ ಚೀಲ, ಮೂಲೆಯಲ್ಲಿ ಜೋಳದ ಡಬ್ಬಿ, ಒಲೆಯ ಪಕ್ಕ ಹಂಚು. ನೂಲು ಕೊಟ್ಟ ಸಾವಕಾರರು ಬಂದು, “ಆ ಹಾಸು ನಂದು, ಬಿಚ್ಚಿ ಕೊಡ್ರಿ” ಎನ್ನುತ್ತಾರೆ. ಇರಬಹುದು, ಅವರದೇ ಇರಬಹುದು. ಆದರೂ ನೀವು ಕೊಡಬಾರದು. ನೇಕಾರನ ಬರಹದ ಒಪ್ಪಿಗೆ ತರಲು ಹೇಳಿ. ಬಾಡಿಗೆ ಬಾಕಿಗೆ ಮಗ್ಗವನ್ನೇ ಹಿಡಿದಿಟ್ಟುಕೊಳ್ಳುತ್ತೇನೆ ಎಂಬ ಯೋಚನೆಯನ್ನೂ ಬಿಡಿ. ಕೋರ್ಟಿನಲ್ಲಿ ಗೆದ್ದು ಡಿಕ್ರಿ ಪಡೆದವರೂ ಕಸುಬುದಾರನ ಉಪಕರಣಗಳನ್ನು, ಅಡುಗೆಯ ಪಾತ್ರೆಗಳನ್ನು, ಹಾಸಿಗೆಯನ್ನು, ಉಡುವ ಬಟ್ಟೆಯನ್ನು ಜಪ್ತಿ ಮಾಡುವಂತಿಲ್ಲ ಎಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮು ಹೇಳುತ್ತದೆ. ಕೋರ್ಟೇ ಮುಟ್ಟದ್ದನ್ನು ಮಾಲೀಕರು ಮುಟ್ಟಬಾರದು.

ಮನೆಯಲ್ಲಿ ಹೆಂಡತಿ ಮಕ್ಕಳಿದ್ದರೆ

ಆಗ ಆ ಮನೆ ಖಾಲಿ ಇಲ್ಲ, ಅಷ್ಟೇ. ಲೈಟು, ನೀರು ಬಂದ್ ಮಾಡಿ ಓಡಿಸಲು ನೋಡುವುದು ಕಾನೂನಿಗೂ ವಿರುದ್ಧ, ಮನುಷ್ಯತ್ವಕ್ಕೂ ವಿರುದ್ಧ. ಕುಳಿತು ಮಾತಾಡಿ. ತವರಿನವರು ಬಾಡಿಗೆ ಕಟ್ಟುತ್ತಾರಾ, ಅರ್ಧವಾದರೂ ಆಗುತ್ತದಾ, ಮಕ್ಕಳ ಪರೀಕ್ಷೆ ಎಂದು ಮುಗಿಯುತ್ತದೆ ಎಂದು ಕೇಳಿ. ಶಾಲೆ ಮುಗಿಯುವವರೆಗೆ ಇರಲಿ ಎಂದು ಮಾಲೀಕರು ಹೇಳಿದ ಒಂದು ಮಾತಿಗೆ ಆ ಹೊತ್ತಿನಲ್ಲಿ ಇರುವ ಬೆಲೆ ಬೇರೆ. ಅವರು ಕೊಟ್ಟ ದುಡ್ಡಿಗೆ ಮೂಲ ಬಾಡಿಗೆದಾರನ ಹೆಸರಿನಲ್ಲೇ ರಸೀದಿ ಬರೆದು, ಇಂಥವರ ಕೈಯಿಂದ ಬಂತು ಎಂದು ಕೆಳಗೆ ನಮೂದಿಸಿ.

ಹತ್ತಿರದ ದಾರಿ: ಜೈಲಿನಿಂದ ಒಂದು ಸಹಿ

ಆತ ಬೇಗ ಬರುವುದಿಲ್ಲ ಎಂದು ಖಾತ್ರಿಯಾದರೆ, ಆತನೇ ಮನೆ ಬಿಟ್ಟುಕೊಟ್ಟಂತೆ ಬರೆದುಕೊಡುವುದು ಇಬ್ಬರಿಗೂ ಒಳ್ಳೆಯದು. ಬಾಡಿಗೆ ಬಾಕಿ ಬೆಳೆಯುತ್ತ ಹೋಗುವುದು ಅವನಿಗೂ ಬೇಕಿಲ್ಲ. ವರ್ಷಗಟ್ಟಲೆ ದಾವೆ ನಡೆಸುವ ಮೊದಲು ಈ ದಾರಿ ಹಿಡಿಯಿರಿ. ನನ್ನ ಮಟ್ಟಿಗೆ ಈ ಲೇಖನದಲ್ಲಿ ನೆನಪಿಡಬೇಕಾದ ಮಾತು ಇದೊಂದೇ.

ಆತ ಗದಗ ಜಿಲ್ಲಾ ಕಾರಾಗೃಹದಲ್ಲಿದ್ದಾನೋ, ಧಾರವಾಡದಲ್ಲೋ, ಬೆಳಗಾವಿಯ ಹಿಂಡಲಗಾದಲ್ಲೋ ಮೊದಲು ತಿಳಿದುಕೊಳ್ಳಿ. ಭೇಟಿಗೆ ಇ-ಮುಲಾಖಾತ್ ವೆಬ್‌ಸೈಟಿನಲ್ಲಿ ಹೆಸರು ನೋಂದಾಯಿಸಬಹುದು. ಗುರುತಿನ ಚೀಟಿ ಬೇಕು. ಆದರೆ ಬಂಧಿಗೆ ಸಿಗುವ ಭೇಟಿಗಳು ಎಣಿಕೆಯವು. ನೀವು ಹೋದ ದಿನ ಅವನ ತಾಯಿಗೋ ಹೆಂಡತಿಗೋ ಅವಕಾಶ ತಪ್ಪಬಹುದು. ಹಾಗಾಗಿ ಕಾಗದವನ್ನು ಅವನ ವಕೀಲರ ಕೈಯಲ್ಲಿ ಕಳಿಸುವುದು, ಇಲ್ಲವೇ ಜೈಲು ಅಧೀಕ್ಷಕರ ವಿಳಾಸಕ್ಕೆ ಅಂಚೆಯಲ್ಲಿ ಕಳಿಸಿ ಸಹಿ ಪಡೆದು ದೃಢೀಕರಿಸಿ ಕೊಡುವಂತೆ ವಿನಂತಿಸುವುದು ಉತ್ತಮ. ಕಾಗದ ಹೀಗಿದ್ದರೆ ಸಾಕು:

“ರೋಣ ಪಟ್ಟಣದ ಇಂಥ ಓಣಿಯ ಇಂಥ ನಂಬರಿನ ಮನೆಯನ್ನು ನಾನು ಇಂಥವರಿಂದ ಬಾಡಿಗೆಗೆ ಪಡೆದಿದ್ದೆ. ಇಂಥ ತಾರೀಖಿಗೆ ನನ್ನ ಬಾಡಿಗೆಯನ್ನು ಸ್ವಂತ ಇಚ್ಛೆಯಿಂದ ಮುಗಿಸಿ ಮನೆಯನ್ನು ಅವರಿಗೆ ಒಪ್ಪಿಸುತ್ತಿದ್ದೇನೆ. ಕೀಲಿ ತೆಗೆದು ನನ್ನ ಸಾಮಾನು ಒಯ್ಯಲು ನನ್ನ ತಮ್ಮನಾದ ಇಂಥವನಿಗೆ ಅಧಿಕಾರ ಕೊಟ್ಟಿದ್ದೇನೆ. ಅಡ್ವಾನ್ಸಿನಲ್ಲಿ ಬಾಕಿ ಬಾಡಿಗೆ, ಕರೆಂಟ್ ಬಿಲ್ ಮುರಿದುಕೊಂಡು ಉಳಿದ ಹಣವನ್ನು ಅವನಿಗೇ ಕೊಡಬಹುದು.”

ಓದು ಬರಹ ಬಾರದವನಾದರೆ ಓದಿ ಹೇಳಿ ಹೆಬ್ಬೆಟ್ಟು ಹಾಕಿಸಿದ್ದಾಗಿ ಅಧಿಕಾರಿಗಳ ಷರಾ ಇರಬೇಕು. ಹೆದರಿಸಿ ಪಡೆದ ಸಹಿ ನಾಳೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಆತ ಮೊದಲು ವಕೀಲರನ್ನು ಕೇಳಬೇಕು ಎಂದರೆ ಬಿಡಿ, ಕೇಳಲಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಡಿ ಬಂಧನದಲ್ಲಿರುವ ಪ್ರತಿಯೊಬ್ಬನಿಗೂ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ. ಸಹಾಯವಾಣಿ 15100. ಮಾಲೀಕರು ಹೆಣ್ಣುಮಕ್ಕಳಾಗಿದ್ದರೆ ಅವರಿಗೂ ಈ ನೆರವು ಉಂಟು. ತಾಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಟ್ಟು, ದಾವೆ ಹೂಡುವ ಮೊದಲೇ ಲೋಕ ಅದಾಲತ್‌ನಲ್ಲಿ ರಾಜಿ ಮಾಡಿಕೊಳ್ಳಬಹುದು. ಅಲ್ಲಿಯ ತೀರ್ಪು ಸಿವಿಲ್ ಕೋರ್ಟಿನ ಡಿಕ್ರಿಗೆ ಸಮ. ಮೇಲ್ಮನವಿಯೂ ಇಲ್ಲ.

ಸಹಿ ಸಿಗದಿದ್ದರೆ

ಆಗ ನೋಟಿಸು. ಒಪ್ಪಂದದ ಅವಧಿ ಮುಗಿದು ತಿಂಗಳ ಲೆಕ್ಕದಲ್ಲಿ ನಡೆಯುತ್ತಿದ್ದ ಬಾಡಿಗೆಗೆ 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 106ನೇ ಕಲಮಿನಂತೆ 15 ದಿನಗಳ ನೋಟಿಸು ಬೇಕು. 11 ತಿಂಗಳ ಪತ್ರ ಇನ್ನೂ ಚಾಲ್ತಿಯಲ್ಲಿದ್ದರೆ ಅದರಲ್ಲಿ ಬರೆದ ಷರತ್ತೇ ಮೊದಲು. ನಿಮ್ಮ ಮನೆಗೆ 1999ರ ಕರ್ನಾಟಕ ಬಾಡಿಗೆ ಕಾಯ್ದೆ ಅನ್ವಯಿಸುತ್ತದೋ ಎಂಬುದನ್ನು ವಕೀಲರು ನೋಡಿ ಹೇಳಲಿ. ಅದು ಅನ್ವಯಿಸಿದರೆ ದಾರಿ ಬೇರೆಯಾಗುತ್ತದೆ.

ನೋಟಿಸಿನ ಒಂದು ಪ್ರತಿ ಜೈಲು ಅಧೀಕ್ಷಕರ ಮೂಲಕ ಆತನಿಗೆ, ಒಂದು ಆತನ ಊರಿನ ಮನೆಗೆ, ಇನ್ನೊಂದು ನಿಮ್ಮ ಬಾಡಿಗೆ ಮನೆಯ ಬಾಗಿಲಿಗೆ. ಅಂಟಿಸಿದ್ದರ ಫೋಟೊ ತೆಗೆದಿಟ್ಟುಕೊಳ್ಳಿ. ರಿಜಿಸ್ಟರ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟ್‌ನಲ್ಲೇ ಸೇರಿದೆ. ಮುಟ್ಟಿಸಿದ ಪುರಾವೆ ಬೇಕು ಎಂದು ಕೌಂಟರಿನಲ್ಲೇ ಹೇಳಿ. ನೋಟಿಸಿನ ಅವಧಿ ಮುಗಿದ ಮೇಲೆ ಯಾರಾದರೂ ಬಾಡಿಗೆ ತಂದುಕೊಟ್ಟರೆ ವಕೀಲರನ್ನು ಕೇಳದೆ “ಬಾಡಿಗೆ” ಎಂದು ರಸೀದಿ ಬರೆಯಬೇಡಿ. ನೋಟಿಸನ್ನೇ ಕೈಬಿಟ್ಟಿರಿ ಎಂಬ ವಾದಕ್ಕೆ ಅದು ದಾರಿಯಾಗುತ್ತದೆ.

ಅದಕ್ಕೂ ಉತ್ತರವಿಲ್ಲದಿದ್ದರೆ ಸ್ವಾಧೀನದ ದಾವೆ. ರೋಣ, ನರಗುಂದಗಳಲ್ಲಿ ಸಿವಿಲ್ ನ್ಯಾಯಾಲಯಗಳಿವೆ. ಪ್ರತಿವಾದಿ ಜೈಲಿನಲ್ಲಿದ್ದಾನೆ ಎಂಬುದನ್ನು ಮುಚ್ಚಿಟ್ಟು ಮನೆ ವಿಳಾಸವನ್ನಷ್ಟೇ ಕೊಟ್ಟು ಏಕಪಕ್ಷೀಯ ಡಿಕ್ರಿ ಪಡೆಯಲು ಹೋಗಬೇಡಿ. ಆತ ಹೊರಬಂದ ದಿನ ಅದು ರದ್ದಾಗಬಹುದು. ಸಿವಿಲ್ ಪ್ರಕ್ರಿಯಾ ಸಂಹಿತೆಯ 5ನೇ ಆದೇಶದ 24ನೇ ನಿಯಮವೇ ಇದಕ್ಕಾಗಿ ಇದೆ: ಬಂಧನದಲ್ಲಿರುವವನ ಸಮನ್ಸು ಜೈಲಿನ ಅಧಿಕಾರಿಗೆ ಹೋಗಿ, ಅವರ ಮೂಲಕ ಆತನಿಗೆ ತಲುಪಬೇಕು. ಡಿಕ್ರಿಯಾದ ಮೇಲೂ ಕೀಲಿ ತೆಗೆಯುವವರು ಕೋರ್ಟಿನ ಅಮೀನರು, ನೀವಲ್ಲ. ಬಾಕಿ ಬಾಡಿಗೆಯ ದಾವೆಗೆ ಮೂರು ವರ್ಷದ ಮಿತಿ ಇದೆ. ಅದನ್ನು ಮರೆತು ಕೂಡಬೇಡಿ.

ಮನೆ ಕೈಗೆ ಬಂದ ದಿನ

ಸಾಮಾನಿನ ಪಟ್ಟಿ ಮಾಡಿ, ಒಯ್ಯುವವರ ಸಹಿ ಪಡೆಯಿರಿ. ಅಡ್ವಾನ್ಸಿನ ಲೆಕ್ಕವನ್ನು ಒಂದೇ ಹಾಳೆಯಲ್ಲಿ ಬರೆದು ಒಂದು ಪ್ರತಿ ಅವರಿಗೂ ಕೊಡಿ. ಮಗ್ಗ ಬಿಚ್ಚಲು ಎರಡು ದಿನ ಬೇಕೆಂದರೆ ಕೊಡಿ. ಆಧಾರ್, ರೇಷನ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್, ಮಕ್ಕಳ ಅಂಕಪಟ್ಟಿ ಸಿಕ್ಕರೆ ಬೇರೆ ಲಕೋಟೆಯಲ್ಲಿ ಹಾಕಿ ಕೈಗೇ ಕೊಡಿ, ಗಂಟಿನಲ್ಲಿ ಕಟ್ಟಬೇಡಿ.

ಹೆಸ್ಕಾಂ ಕಚೇರಿಗೂ ಒಮ್ಮೆ ಹೋಗಬೇಕು. ಗೃಹಜ್ಯೋತಿಯಲ್ಲಿ ನಿಮ್ಮ ಮನೆಯ ಆರ್‌ಆರ್ ಸಂಖ್ಯೆಗೆ ಜೋಡಣೆಯಾಗಿರುವುದು ಬಾಡಿಗೆದಾರನ ಆಧಾರ್. ಅದನ್ನು ಬಿಡಿಸುವ ಸೌಲಭ್ಯವಿದೆ. ಬಿಡಿಸದಿದ್ದರೆ ಹೊಸದಾಗಿ ಬರುವವರಿಗೆ ಗೃಹಜ್ಯೋತಿಯ ಉಚಿತ ವಿದ್ಯುತ್ ಸಿಗುವುದು ಕಷ್ಟ. ಆತನಿಗೂ ಮುಂದೆ ಬೇರೆ ಮನೆ ಹಿಡಿದಾಗ ಅಡಚಣೆ.

ಮುಂದಿನ ಬಾಡಿಗೆ ಪತ್ರ ಬರೆಸುವಾಗ ಇ-ಸ್ಟ್ಯಾಂಪ್ ಹಾಳೆಯ ಕೊನೆಗೆ ಈ ಎರಡು ಸಾಲು ಸೇರಿಸಿ: “ಯಾವುದೇ ಕಾರಣದಿಂದ ನಾನು 30 ದಿನಕ್ಕಿಂತ ಹೆಚ್ಚು ಮನೆಯಲ್ಲಿ ಇರಲಾಗದಿದ್ದರೆ, ಬಾಡಿಗೆ ಕೊಡುವ, ನೋಟಿಸು ಪಡೆಯುವ, ಮನೆ ಒಪ್ಪಿಸುವ ಅಧಿಕಾರ ನನ್ನ ಕಡೆಯ ಇಂಥವರಿಗೆ ಇರುತ್ತದೆ. ಅವರ ಫೋನ್ ಸಂಖ್ಯೆ ಹೀಗಿದೆ.” ಆ ಇಂಥವರನ್ನೂ ಕರೆಸಿ, ಬಾಡಿಗೆದಾರನ ಪಕ್ಕದಲ್ಲೇ ಕೂರಿಸಿ, ಅದೇ ದಿನ ಸಹಿ ಹಾಕಿಸಿ.