ಉಚಿತ ರಜಾ ಶಿಬಿರ: ಮನೆಬಾಗಿಲಿಗೆ ಮುಟ್ಟುವ ಕರೆ

ಘಟಕ: ಶಾಲೆ ಮತ್ತು ಸಮುದಾಯ
ಅವಧಿ: 80 ನಿಮಿಷ
ಉದ್ದೇಶ: ಉಚಿತ ಬೇಸಿಗೆ ಶಿಬಿರದ ಸುದ್ದಿಯನ್ನು ದುಡಿಯುವ ಕುಟುಂಬಗಳಿಗೆ ಗೌರವದಿಂದ, ಸ್ಪಷ್ಟವಾಗಿ ತಿಳಿಸಲು ಪ್ರಶಿಕ್ಷಣಾರ್ಥಿಗಳು ಶಕ್ತರಾಗುವುದು.

ಹಿನ್ನೆಲೆ
ಏಪ್ರಿಲ್‌ನಲ್ಲಿ ಶಾಲೆ ಮುಚ್ಚಿದರೆ ಮತ್ತೆ ತೆರೆಯುವುದು ಮೇ ಕೊನೆಗೆ. ಕೂಲಿಕಾರರ ಮಕ್ಕಳಿಗೆ ಆಗ ಪಾಠದ ಜೊತೆಗೆ ಮಧ್ಯಾಹ್ನದ ಊಟವೂ ನಿಲ್ಲುತ್ತದೆ. 2024ರ ಬೇಸಿಗೆಯಲ್ಲಿ ರಾಜ್ಯದ 223 ಬರಪೀಡಿತ ತಾಲ್ಲೂಕುಗಳಲ್ಲಿ ರಜೆಯಲ್ಲೂ ಬಿಸಿಯೂಟ ನೀಡಲು ಸರ್ಕಾರ ತೀರ್ಮಾನಿಸಿದ್ದನ್ನು ನೆನಪಿಸಿಕೊಳ್ಳಬಹುದು. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಗಳಲ್ಲೂ ಬೇಸಿಗೆ ಶಿಬಿರಗಳು ನಡೆದಿವೆ. ಆದರೆ ಶಿಬಿರ ಇದ್ದ ಮಾತ್ರಕ್ಕೆ ಮಗು ಬರುವುದಿಲ್ಲ. ಸೂಚನಾ ಫಲಕ ನೋಡಲು ತಾಯಿಗೆ ಬಿಡುವಿಲ್ಲ. ಮನೆಯ ಒಂದೇ ಮೊಬೈಲ್ ತಂದೆಯ ಜೊತೆ ಕೆಲಸಕ್ಕೆ ಹೋಗಿರುತ್ತದೆ.

ಚಟುವಟಿಕೆ 1: ಪ್ರಕಟಣೆ ತಿದ್ದುವುದು (30 ನಿಮಿಷ)
ಕಪ್ಪುಹಲಗೆಯ ಮೇಲೆ ಬರೆಯಿರಿ: “ಬಡ ಮಕ್ಕಳಿಗಾಗಿ ಉಚಿತ ಶಿಬಿರ. ಆಸಕ್ತರು ನೋಂದಾಯಿಸಿಕೊಳ್ಳತಕ್ಕದ್ದು.”
ಇದರಲ್ಲಿ ಏನು ಕೊರತೆ? “ಬಡ” ಎಂಬ ಪದ ಮಗುವಿಗೆ ಹಣೆಪಟ್ಟಿ ಹಚ್ಚುತ್ತದೆ. ಎಲ್ಲಿ, ಎಷ್ಟು ಹೊತ್ತಿಗೆ, ಊಟ ಉಂಟೇ ಎಂಬುದಿಲ್ಲ. ಗುಂಪುಗಳು ತಿದ್ದಿ ಬರೆಯಲಿ. ಒಂದು ಮಾದರಿ:
“ನಮ್ಮೂರಿನ ಎಲ್ಲ ಮಕ್ಕಳಿಗೆ ಬೇಸಿಗೆ ಶಿಬಿರ. ಅರಿವು ಕೇಂದ್ರದಲ್ಲಿ, ಬೆಳಿಗ್ಗೆ 9ರಿಂದ 12ರವರೆಗೆ. ಕಥೆ, ಹಾಡು, ಆಟ. ಹಣ ಬೇಡ, ಹೊಸ ಬಟ್ಟೆ ಬೇಡ.”
ಶಿಬಿರದಲ್ಲಿ ಇಲ್ಲದ್ದನ್ನು ಬರೆಯಕೂಡದು. ಊಟವಿಲ್ಲದಿದ್ದರೆ ಇಲ್ಲವೆಂದೇ ತಿಳಿಸಬೇಕು. ಒಮ್ಮೆ ಮಾತು ತಪ್ಪಿದರೆ ಮುಂದಿನ ವರ್ಷ ಯಾರೂ ನಂಬುವುದಿಲ್ಲ.

ಚಟುವಟಿಕೆ 2: ಮನೆ ಭೇಟಿಯ ಪಾತ್ರಾಭಿನಯ (35 ನಿಮಿಷ)
ಒಬ್ಬರು ಶಿಕ್ಷಕಿ, ಒಬ್ಬರು ತಾಯಿ.
ತಾಯಿ: “ದೊಡ್ಡೋಳು ಶಿಬಿರಕ್ಕೆ ಬಂದ್ರೆ ಚಿಕ್ಕದನ್ನ ನೋಡ್ಕೊಳ್ಳೋರು ಯಾರು ಟೀಚರ್?”
ಇಲ್ಲಿ “ಶಿಕ್ಷಣ ಮುಖ್ಯ ಅಕ್ಕಾ” ಎಂಬ ಉಪದೇಶ ಉತ್ತರವಾಗದು. ತಮ್ಮನನ್ನೂ ಕರೆತರಬಹುದೇ, ತಾಯಿ ಕೂಲಿಗೆ ಹೊರಡುವ ಹೊತ್ತಿಗೆ ಬಾಗಿಲು ತೆರೆಯಬಹುದೇ ಎಂದು ಶಿಕ್ಷಕಿ ಶಿಬಿರ ನಡೆಸುವವರನ್ನು ಮೊದಲೇ ಕೇಳಿಕೊಂಡಿರಬೇಕು. ಪ್ರಚಾರವೆಂದರೆ ಹೇಳುವುದಷ್ಟೇ ಅಲ್ಲ. ಮನೆಯವರ ತೊಡಕನ್ನು ಕೇಳಿಸಿಕೊಂಡು ಶಿಬಿರದವರಿಗೆ ಮುಟ್ಟಿಸುವುದೂ ಹೌದು.
ಸುದ್ದಿ ಸಾಗುವ ದಾರಿಗಳನ್ನೂ ಪಟ್ಟಿ ಮಾಡಿಸಿ: ಬಿಸಿಯೂಟದ ಅಡುಗೆಯವರು, ಅಂಗನವಾಡಿ ಕಾರ್ಯಕರ್ತೆ, ಆಶಾ ಕಾರ್ಯಕರ್ತೆ, ಸ್ವಸಹಾಯ ಸಂಘದ ಸಭೆ, ನ್ಯಾಯಬೆಲೆ ಅಂಗಡಿಯ ಸಾಲು.

ಮೌಲ್ಯಮಾಪನ (15 ನಿಮಿಷ)
1. ನಿಮ್ಮ ಪ್ರಕಟಣೆಯನ್ನು ಓದಲು ಬಾರದ ಪೋಷಕರಿಗೆ ಒಂದು ನಿಮಿಷದಲ್ಲಿ ಹೇಗೆ ಹೇಳುವಿರಿ?
2. ಎರಡನೇ ದಿನ ಬಾರದ ಮಗುವಿನ ಮನೆಗೆ ಹೋಗಿ ಮೊದಲು ಏನು ಕೇಳುವಿರಿ?

ಮಾರ್ಗದರ್ಶಕರಿಗೆ
ಬೋಧನಾಭ್ಯಾಸದ ಶಾಲೆಯಲ್ಲಿ ಇದನ್ನು ಪ್ರಯೋಗಿಸುವಾಗ ಶಿಬಿರಕ್ಕೆ ಬಂದವರ ಒಟ್ಟು ಸಂಖ್ಯೆಯೊಂದನ್ನೇ ದಾಖಲಿಸಬೇಡಿ. ಹಾಜರಿ ಪುಸ್ತಕವನ್ನು ಎದುರಿಗಿಟ್ಟುಕೊಂಡು, ಬಾರದ ಮಕ್ಕಳು ಯಾರು, ಯಾವ ಕೇರಿಯವರು ಎಂದು ನೋಡಿಸಿ. ಕರೆ ಎಲ್ಲಿ ಮುಟ್ಟಿಲ್ಲವೆಂಬುದು ಅಲ್ಲಿ ಗೊತ್ತಾಗುತ್ತದೆ.