ಕಡತ ಎಷ್ಟು ಬೆಳೆಯಬಲ್ಲದು?

ಗಣಕಯಂತ್ರದಲ್ಲಿ ಬರೆದಿಟ್ಟ ಮಾಹಿತಿಗೆ ಕಡತ ಅಥವಾ ಫೈಲ್ ಎನ್ನುತ್ತಾರೆ. ಅದರ ಗಾತ್ರವನ್ನು ಬೈಟ್‌ಗಳಲ್ಲಿ ಅಳೆಯುತ್ತಾರೆ. ನೋಟುಬುಕ್ಕಿನಲ್ಲಿ ಹಾಳೆ ಮುಗಿದಾಗ ಬರವಣಿಗೆ ನಿಲ್ಲುತ್ತದೆ. ಆದರೆ ಡಿಸ್ಕಿನಲ್ಲಿ ಜಾಗವಿದ್ದರೂ ಕಡತ ಬೆಳೆಯದೆ ನಿಲ್ಲುವುದುಂಟೇ? ಹಳೆಯ ಯುನಿಕ್ಸ್ ಗಣಕಗಳಲ್ಲಿ ಹಾಗಾಗುತ್ತಿತ್ತು.

ಯುನಿಕ್ಸ್ ಎಂಬುದು ಗಣಕವನ್ನು ನಡೆಸುವ ವ್ಯವಸ್ಥೆ. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಮ್ಸನ್, ಡೆನಿಸ್ ರಿಚಿ ಮೊದಲಾದವರು ಇದನ್ನು ರೂಪಿಸತೊಡಗಿದರು.

ಎರಡು ಮನೆಗಳಲ್ಲಿ ನಾವು ಬರೆಯಬಹುದಾದ ಅತಿ ದೊಡ್ಡ ಸಂಖ್ಯೆ 99. ನೂರು ಬರೆಯಲು ಮೂರನೆಯ ಮನೆ ಬೇಕು. ಗಣಕಕ್ಕೆ 0 ಮತ್ತು 1 ಎಂಬ ಎರಡೇ ಅಂಕಿಗಳು. ಅದರ ಒಂದೊಂದು ಮನೆಗೆ ಬಿಟ್ ಎಂದು ಹೆಸರು. ಅನೇಕ ಹಳೆಯ ಯುನಿಕ್ಸ್‌ಗಳಲ್ಲಿ ಕಡತದ ಗಾತ್ರವನ್ನು ಬರೆಯಲು 32 ಮನೆಗಳಿದ್ದವು. ಒಂದು ಮನೆ ಧನ ಅಥವಾ ಋಣ ಚಿಹ್ನೆಗೆ ಮೀಸಲು. ಉಳಿದ 31 ಮನೆಗಳಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ 214,74,83,647. ಇದು ಸುಮಾರು 2 ಗಿಗಾಬೈಟ್. ಇದನ್ನು ಮೀರಿ ಬರೆಯಹೋದರೆ ‘ಕಡತ ಬಹಳ ದೊಡ್ಡದು’ ಎಂದು ಗಣಕ ತಿಳಿಸುತ್ತಿತ್ತು. ಕೆಲಸ ಅರ್ಧಕ್ಕೇ ನಿಲ್ಲುತ್ತಿತ್ತು.

ಈ ತೊಡಕನ್ನು ನೀಗಲು ಹಲವು ಸಂಸ್ಥೆಗಳು ಒಟ್ಟಾಗಿ 1996ರಲ್ಲಿ ಒಂದು ಕ್ರಮವನ್ನು ಗೊತ್ತುಮಾಡಿದವು. 32 ಮನೆಗಳ ಬದಲು 64 ಮನೆಗಳು ಬಂದವು. ಮನೆಗಳು ಇಮ್ಮಡಿಯಾದವು, ಆದರೆ ಮಿತಿ ಬರೀ ಇಮ್ಮಡಿಯಾಗಲಿಲ್ಲ. ಒಂದೊಂದು ಮನೆ ಸೇರಿದಾಗಲೂ ಮಿತಿ ಇಮ್ಮಡಿಯಾಗುತ್ತದೆ. ಹೀಗಾಗಿ ಹೊಸ ಮಿತಿ 19 ಅಂಕಿಗಳ ಸಂಖ್ಯೆಯಾಯಿತು! ಆದರೆ ಹಳೆಯ ತಂತ್ರಾಂಶಗಳು 32 ಮನೆಗಳನ್ನಷ್ಟೇ ಬಲ್ಲವು. ಅವುಗಳನ್ನು ಹೊಸ ಕ್ರಮಕ್ಕೆ ಹೊಂದಿಸಬೇಕಾಯಿತು.

ಇನ್ನೊಂದು ಬಗೆಯ ಮಿತಿಯೂ ಇದೆ. ಇದನ್ನು ಗಣಕದ ಮೇಲ್ವಿಚಾರಕರು ಇಡುತ್ತಾರೆ. ತಪ್ಪಿರುವ ತಂತ್ರಾಂಶವೊಂದು ನಿಲ್ಲದೆ ಬರೆಯುತ್ತಾ ಹೋದರೆ ಡಿಸ್ಕೆಲ್ಲ ತುಂಬಿ, ಬೇರೆಯವರ ಕೆಲಸಕ್ಕೆ ಜಾಗವೇ ಉಳಿಯದು. ಎಐಎಕ್ಸ್ ಎಂಬ ಯುನಿಕ್ಸ್‌ನಲ್ಲಿ ಮೊದಲೇ ಇಟ್ಟಿರುವ ಮಿತಿ ಸುಮಾರು 1 ಗಿಗಾಬೈಟ್. ‘ಯುಲಿಮಿಟ್’ ಎಂಬ ಆಜ್ಞೆಯಿಂದ ಬಳಕೆದಾರರು ತಮ್ಮ ಮಿತಿಯನ್ನು ತಿಳಿಯಬಹುದು, ತಗ್ಗಿಸಲೂಬಹುದು. ಅವರಿಗೆ ಗೊತ್ತುಮಾಡಿದ ಗರಿಷ್ಠ ಮಿತಿಯನ್ನು ಏರಿಸುವ ಅಧಿಕಾರ ಮೇಲ್ವಿಚಾರಕರದು. ಅವರು ಡಿಸ್ಕಿನ ಜಾಗವನ್ನು ನೋಡಿಕೊಂಡು, ಅಗತ್ಯವಿದ್ದವರಿಗೆ ಮಾತ್ರ ಏರಿಸುವುದು ಒಳ್ಳೆಯದು.

ಮನೆಗಳ ಕೊರತೆಯಿಂದಾದ ಮಿತಿ ತೊಡಕು. ಎಲ್ಲರ ಹಿತಕ್ಕಾಗಿ ಇಟ್ಟ ಮಿತಿ ಕಾವಲು. ಏರಿಸುವ ಮೊದಲು ಅದು ಯಾವುದೆಂದು ತಿಳಿಯಬೇಕು.

ಪದಗಳ ಅರ್ಥ
ಮಿತಿ – ಎಲ್ಲೆ
ಇಮ್ಮಡಿ – ಎರಡು ಪಟ್ಟು
ಗರಿಷ್ಠ – ಅತಿ ಹೆಚ್ಚಿನ
ಮೇಲ್ವಿಚಾರಕ – ನೋಡಿಕೊಳ್ಳುವವನು

ಅಭ್ಯಾಸ

ಅ) ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ಗಣಕವು ಬಳಸುವ ಅಂಕಿಗಳು ಯಾವುವು?
2. 32 ಮನೆಗಳಲ್ಲಿ ಒಂದು ಮನೆ ಯಾವುದಕ್ಕೆ ಮೀಸಲು?

ಆ) ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿರಿ.
1. ಡಿಸ್ಕಿನಲ್ಲಿ ಜಾಗವಿದ್ದರೂ ಕಡತ ಬೆಳೆಯದಿರಲು ಕಾರಣವೇನು?
2. ಮೇಲ್ವಿಚಾರಕರು ಮಿತಿಯನ್ನು ಏಕೆ ಇಡುತ್ತಾರೆ?

ಇ) ಮಾಡಿ ನೋಡಿರಿ.
0 ಮತ್ತು 1 ಮಾತ್ರ ಬಳಸಿ ಮೂರು ಮನೆಗಳನ್ನು ತುಂಬಿರಿ. ಎಷ್ಟು ಬಗೆಯಲ್ಲಿ ತುಂಬಬಹುದು? ನಾಲ್ಕು ಮನೆಗಳಾದರೆ ಎಷ್ಟು?